ಮಳೆನಾಡಿನ ಸಾವಿರ ಕಂಬ

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯಲ್ಲಿ ಎಡಕ್ಕೆ ಹೊರಳಿದರೆ ವೇಣೂರಿನ ದಾರಿ. ಜುಲೈ ತಿಂಗಳು, ಇಕ್ಕೆಲದ ಅಡಿಕೆ ತೋಟಗಳೇ ಕಾಣದ ಹಾಗೆ ಮಳೆ ಹೊಯ್ಯುತ್ತಿತ್ತು. ವೇಣೂರಿನಲ್ಲಿ ಫಲ್ಗುಣಿ ನದಿ ಕೆಂಪಗೆ ತುಂಬಿತ್ತು. 1604ರಲ್ಲಿ ಅಜಿಲ ವಂಶದ ಅರಸು ವೀರ ತಿಮ್ಮಣ್ಣ ಇಲ್ಲಿ ನಿಲ್ಲಿಸಿದ ಗೊಮ್ಮಟ, ನಾಲ್ಕು ಶತಮಾನಗಳ ಮಳೆಯನ್ನು ತೆರೆದ ಮೈಯಲ್ಲೇ ಹೊತ್ತವನು, ಅಂದೂ ನೆತ್ತಿಯಿಂದ ಪಾದದವರೆಗೆ ನೆನೆಯುತ್ತ ನಿಂತಿದ್ದ. ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಗೆ ಸೂರು ಬೇಡ. ಆದರೆ ಇದೇ ಮಳೆಯ ನಾಡಿನಲ್ಲಿ ತೀರ್ಥಂಕರನಿಗೆ ಮನೆ ಕಟ್ಟಬೇಕೆಂದರೆ ಏನು ಮಾಡಬೇಕು? ಉತ್ತರ ಮೂಡುಬಿದಿರೆಯಲ್ಲಿದೆ. ಹೊಸಂಗಡಿಯ ಮೇಲೆ ಹಾದು ನಾವು ಅಲ್ಲಿಗೇ ಹೊರಟಿದ್ದೆವು.

ತುಳುವರ ಬಾಯಲ್ಲಿ ಈ ಊರು ಬೆದ್ರ, ಜೈನರಿಗೆ ಜೈನಕಾಶಿ. ಊರಿನಲ್ಲಿ 18 ಬಸದಿಗಳಿವೆ. ಅವುಗಳಲ್ಲಿ ದೊಡ್ಡದು ತ್ರಿಭುವನ ತಿಲಕ ಚೂಡಾಮಣಿ, ಅಂದರೆ ಸಾವಿರ ಕಂಬದ ಬಸದಿ. 1430ರಲ್ಲಿ, ವಿಜಯನಗರದ ಎರಡನೇ ದೇವರಾಯನ ಆಳ್ವಿಕೆಯಲ್ಲಿ ಮೇಲೆದ್ದದ್ದು. ಹೆಬ್ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟಾಗ ಎದುರಿಗೆ ರಾಣಿ ನಾಗಲದೇವಿ ನಿಲ್ಲಿಸಿದ ಏಕಶಿಲೆಯ ಮಾನಸ್ತಂಭ. ಅದರ ಹಿಂದೆ, ಒಂದರ ಮೇಲೊಂದು ಇಳಿಜಾರು ಮಾಡುಗಳು.

ನನಗೆ ಮಾತು ನಿಂತದ್ದು ಆ ಮಾಡುಗಳನ್ನು ನೋಡಿ. ಬೇಲೂರು ಹಳೇಬೀಡಿನಲ್ಲಿ ಕಣ್ಣು ನೇರ ಗೋಡೆಯ ಶಿಲ್ಪಕ್ಕೆ ಹೋಗುತ್ತದೆ. ಇಲ್ಲಿ ಹೊರಗೋಡೆ ಬಹುಮಟ್ಟಿಗೆ ಮೌನ, ಮಾತೆಲ್ಲ ಚಾವಣಿಯದ್ದು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಸಪಾಟು ಕಲ್ಲುಚಾವಣಿ ಬಾಳುವುದಿಲ್ಲ. ಹಾಗಾಗಿ ಕೆಳಗೆ ಕಲ್ಲಿನ ಕಟ್ಟಡ, ಮೇಲಿನ ಅಂತಸ್ತುಗಳಿಗೆ ಮರ, ಮರಕ್ಕೆ ತಾಮ್ರದ ಹೊದಿಕೆ. ನಮ್ಮೂರಿನ ಬಡಗಿ ಮನೆ ಕಟ್ಟುವಾಗ ಬಳಸುವ ಲೆಕ್ಕವನ್ನೇ ಶಿಲ್ಪಿ ದೇವರಿಗೂ ಬಳಸಿದ್ದಾನೆ. ಜೇಮ್ಸ್ ಫರ್ಗ್ಯುಸನ್ 19ನೇ ಶತಮಾನದಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆ ಬರೆದಾಗ, ಕನ್ನಡ ಕರಾವಳಿಯ ಈ ಬಸದಿಗಳಿಗೆ ಹೋಲಿಕೆ ಹುಡುಕುತ್ತ ನೇಪಾಳದವರೆಗೆ ಹೋದ. ಹೋಲಿಕೆ ಕಣ್ಣಿಗೆ ನಿಜವೆನಿಸುತ್ತದೆ. ಆದರೆ ಕಾರಣ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ ಎಂದು ನನಗನಿಸಿತು, ಅದು ಆ ಹೊತ್ತಿಗೆ ಜಗಲಿಯ ಅಂಚಿನಿಂದ ಧಾರೆಧಾರೆಯಾಗಿ ಇಳಿಯುತ್ತಿತ್ತು.

ಒಳಗೆ ಹೋದರೆ ಕಂಬಗಳು. ಮುಟ್ಟಿ ನೋಡಿದೆ. ಗಟ್ಟಿ ಕಗ್ಗಲ್ಲು, ಆದರೆ ರೂಪ ಮರದ್ದು: ಚೌಕದ ದಿಮ್ಮಿಯ ಮೂಲೆಗಳನ್ನು ಉಳಿಯಿಂದ ಸವರಿ ಎಂಟು ಮುಖ ಮಾಡಿದ ಹಾಗೆ. ಒಂದರ ಹಾಗೆ ಇನ್ನೊಂದಿಲ್ಲ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಒಂದರ ಮೇಲೆ ಬಳ್ಳಿ ಹೆಣೆದುಕೊಂಡಿದೆ, ಪಕ್ಕದ್ದರಲ್ಲಿ ಬಿಡಿಸಲಾಗದ ಗಂಟು, ಆಚೆಯದ್ದರಲ್ಲಿ ಸಾಲು ಮಣಿಗಳು. ಮಂಟಪದಿಂದ ಮಂಟಪಕ್ಕೆ ಬೆಳಕು ಕಡಿಮೆಯಾಗುತ್ತ, ಕೊನೆಯಲ್ಲಿ ದೀಪದ ಬೆಳಕಿನಲ್ಲಿ ಎಂಟಡಿ ಎತ್ತರದ ಪಂಚಲೋಹದ ಚಂದ್ರನಾಥ ಸ್ವಾಮಿ.

ಹೊರಬಂದು ಮುಂಭಾಗದ ಭೈರಾದೇವಿ ಮಂಟಪದ ಅಧಿಷ್ಠಾನದ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತೆ. ಆನೆ, ಕುದುರೆಗಳ ನಡುವೆ ಉದ್ದ ಕತ್ತಿನ ಒಂದು ಪ್ರಾಣಿ. ಜಿರಾಫೆ! ಅಲ್ಲೇ ಚೀನಾದ ಡ್ರ್ಯಾಗನ್ ಕೂಡ. ಈ ಮಂಟಪ 15ನೇ ಶತಮಾನದ ನಡುಭಾಗದ್ದು. ಅದಕ್ಕೆ ಕೆಲವೇ ದಶಕಗಳ ಹಿಂದೆ, 1414ರಲ್ಲಿ, ಬಂಗಾಳದ ಸುಲ್ತಾನ ಚೀನಾದ ಸಾಮ್ರಾಟನಿಗೆ ಆಫ್ರಿಕಾದ ಜಿರಾಫೆಯೊಂದನ್ನು ಉಡುಗೊರೆ ಕಳಿಸಿದ್ದ. ಚೀನೀ ಹಡಗುಗಳು ಮಲಬಾರಿನ ಕಲ್ಲಿಕೋಟೆಗೆ ಬಂದು ಹೋಗುತ್ತಿದ್ದ ಕಾಲವದು. ಕರಾವಳಿಯ ಕರಿಮೆಣಸು ಕಡಲು ದಾಟುತ್ತಿತ್ತು, ಬೆದ್ರದ ಜೈನ ಶೆಟ್ಟರು ವ್ಯಾಪಾರದಲ್ಲಿ ಗಳಿಸಿದ್ದನ್ನು ಬಸದಿಗಳಿಗೆ ಕೊಡುತ್ತಿದ್ದರು. ಶಿಲ್ಪಿ ಆ ಪ್ರಾಣಿಯನ್ನು ಕಂಡಿದ್ದನೋ, ಹಡಗಿನವರ ಬಾಯಲ್ಲಿ ಕೇಳಿದ್ದನೋ, ಅಂತೂ ಗೇಣುದ್ದದ ಕಲ್ಲಿನಲ್ಲಿ ಹಿಂದೂ ಮಹಾಸಾಗರದ ಎರಡು ದಡಗಳು ಬಂದು ಕೂತಿವೆ. ನಾನು ತುಂಬ ಹೊತ್ತು ಏಳಲಿಲ್ಲ.

ಹತ್ತಿರದ ಗುರು ಬಸದಿಯದ್ದು ಇನ್ನೊಂದು ಅಚ್ಚರಿ. ಪ್ರಾಕೃತದ ಜೈನ ಆಗಮಗ್ರಂಥ ಷಟ್ಖಂಡಾಗಮಕ್ಕೆ ಬರೆದ ಧವಳಾ ಟೀಕೆಯ ತಾಳೆಗರಿ ಪ್ರತಿಗಳು, ಹಳಗನ್ನಡ ಲಿಪಿಯವು, ಈ ಊರಿನಲ್ಲೇ ಶತಮಾನಗಟ್ಟಲೆ ಉಳಿದವು. ಗೆದ್ದಲು, ತೇವ, ಬೂಸ್ಟುಗಳ ಈ ಸೀಮೆಯಲ್ಲಿ ಗರಿಯೊಂದು ಉಳಿಯುವುದೆಂದರೆ ತಲೆಮಾರುಗಳ ಕೈಗಳು ಅದನ್ನು ಕಾದಿವೆ ಎಂದೇ ಅರ್ಥ. 20ನೇ ಶತಮಾನದಲ್ಲಿ ಅವು ಅಚ್ಚಾಗಿ ಲೋಕಕ್ಕೆ ದೊರೆತವು.

ಬೆದ್ರಕ್ಕೆ ಬಂದವರಲ್ಲಿ ಹೆಚ್ಚಿನವರು ಮಾನಸ್ತಂಭದ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ದಯವಿಟ್ಟು ಅಷ್ಟಕ್ಕೇ ಮುಗಿಸಬೇಡಿ. ಇಲ್ಲಿ ಆಳಿದ ಚೌಟ ಅರಸರ ಅರಮನೆಗೆ ಹೋಗಿ, ಒಂಬತ್ತು ಹೆಂಗಳೆಯರು ಸೇರಿ ಆನೆಯಾಗುವ ಮರದ ಕಂಬವನ್ನು ನೋಡಿ. ಅಲ್ಲಿಂದ ಕೊಡಂಗಲ್ಲಿಗೂ ನಡೆಯಿರಿ. ಮುರಕಲ್ಲಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜೈನ ಯತಿಗಳ ನಿಷಿಧಿಗಳು, ಅಂದರೆ ಸಮಾಧಿ ಸ್ಮಾರಕಗಳು, ಅಲ್ಲಿವೆ, ಅವಕ್ಕೂ ಇದೇ ಇಳಿಜಾರು ಮಾಡು. ನೋಡುವವರು ಕಡಿಮೆ, ನೀವಾದರೂ ಹೋಗಿ ಬನ್ನಿ.