ಕಡ್ಡಿ ನಿಜ, ಲೆಕ್ಕ ಸುಳ್ಳು

ಪುರ್ತಗೇರಿಯಂಥ ಊರಿನಲ್ಲಿ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡ ರೈತ ಹೊಲಕ್ಕೆ ಹೊರಡುವ ಮುನ್ನ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಡ್ಡಿ ಇಳಿಸಿ ನೋಡುತ್ತಾನೆ. ಕಣ್ಣೆದುರಿಗೇ ಮಾಪಕವಿದೆ. ಅದರ ಮುಳ್ಳು ಅರ್ಧಕ್ಕೆ ನಿಂತಿದೆ. ಹೋದ ತಿಂಗಳೂ ಅರ್ಧಕ್ಕೇ ನಿಂತಿತ್ತು! ‘ಮುಳ್ಳು ಸುಳ್ಳು ಹೇಳತೈತಿ, ಕಡ್ಡಿ ಹೇಳಂಗಿಲ್ಲ’ ಎಂಬುದು ಅವನ ಅನುಭವದ ಮಾತು. ಅಕಸ್ಮಾತ್ ಡೀಸೆಲ್ ತೀರಿದರೂ ಟ್ರ್ಯಾಕ್ಟರ್ ಗಜೇಂದ್ರಗಡದ ರಸ್ತೆಯಲ್ಲಿ ನಿಲ್ಲುತ್ತದೆ, ಅಷ್ಟೆ. ಯಾರಾದರೂ ಕ್ಯಾನು ಹಿಡಿದು ಪಂಪಿಗೆ ಹೋಗಿ ಬಂದರಾಯಿತು. ಆಕಾಶದಲ್ಲಿ ಆ ಅನುಕೂಲವಿಲ್ಲ.

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಒಳಗೆ ಸಿಬ್ಬಂದಿಯೂ ಸೇರಿ 69 ಜನ. ವಿಮಾನ ಹೊಚ್ಚ ಹೊಸದು, ಆದರೆ ಅದರ ಇಂಧನ ಮಾಪಕಗಳು ಕುರುಡಾಗಿದ್ದವು. ಆ ಮಾಪಕಕ್ಕೆ ತೇಲುಬುರುಡೆ ಇಲ್ಲ. ಟ್ಯಾಂಕಿನೊಳಗೆ ನಿಲ್ಲಿಸಿದ ಲೋಹದ ಕೊಳವೆಗಳ ನಡುವೆ ಗಾಳಿ ಎಷ್ಟು, ಎಣ್ಣೆ ಎಷ್ಟು ಎಂಬುದರ ಮೇಲೆ ವಿದ್ಯುತ್ ಹಿಡಿದಿಡುವ ಶಕ್ತಿ ಬದಲಾಗುತ್ತದೆ; ಅದನ್ನು ಅಳೆದು ಗಣಕವೊಂದು ಇಂಧನದ ತೂಕ ಹೇಳುತ್ತದೆ. ಈ ಗಣಕದಲ್ಲಿ ಎರಡು ವಾಹಿನಿಗಳು. ಒಂದರಲ್ಲಿ ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಕೆಟ್ಟ ವಾಹಿನಿಯ ಸ್ವಿಚ್ಚು ಆರಿಸಿಟ್ಟರೆ ಒಳ್ಳೆಯದು ಕೆಲಸ ಮಾಡುತ್ತಿತ್ತು. ಮಾಂಟ್ರಿಯಲ್‌ನಲ್ಲಿ ತಂತ್ರಜ್ಞನೊಬ್ಬ ಪರೀಕ್ಷೆಗೆಂದು ಆ ಸ್ವಿಚ್ಚು ಹಾಕಿದ. ಅಷ್ಟರಲ್ಲಿ ಎಣ್ಣೆಯ ಲಾರಿ ಬಂತು, ಗಮನ ಅತ್ತ ಹೋಯಿತು. ಸ್ವಿಚ್ಚು ಹಾಗೇ ಉಳಿದು ಮಾಪಕಗಳೆಲ್ಲ ಖಾಲಿಯಾದವು. ನಿಯಮದಂತೆ ಆ ವಿಮಾನ ಮೇಲೇಳಲೇಬಾರದಿತ್ತು. ಹಾರಲು ಅನುಮತಿಯಿದೆ ಎಂದು ನಾಯಕ ರಾಬರ್ಟ್ ಪಿಯರ್ಸನ್ ತಿಳಿದಿದ್ದರು.

ಆಗ ಅಲ್ಲಿಯೂ ಕಡ್ಡಿಯೇ ಗತಿಯಾಯಿತು. ರೆಕ್ಕೆಯ ಅಡಿಯಿಂದ ಅಳತೆಗೋಲು ಎಳೆದು ನೋಡಿದರೆ ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಕಡ್ಡಿ ನಿಜವನ್ನೇ ಹೇಳಿತ್ತು. ಬೇಕಾದದ್ದು 22,300 ಕಿಲೊ. ಲೀಟರನ್ನು ಕಿಲೊ ಮಾಡಬೇಕಲ್ಲ?

ಪುರ್ತಗೇರಿಯ ಹಿರಿಯರಿಗೆ ಈ ತೊಡಕು ಹೊಸದಲ್ಲ. ನಮ್ಮ ದೇಶದಲ್ಲಿ 1956ರ ಕಾಯ್ದೆಯ ಬಳಿಕ ಸೇರು ಹಂತ ಹಂತವಾಗಿ ಹಿಂದೆ ಸರಿದು ಕಿಲೊ ಬಂತು. ಅಳತೆಯ ಸೇರು ಬೇರೆ, ತೂಕದ ಸೇರು ಬೇರೆ. ಒಂದು ಸೇರು ಜೋಳವೂ ಒಂದು ಸೇರು ಚುರುಮುರಿಯೂ ತಕ್ಕಡಿಯಲ್ಲಿ ಸಮನಾಗುವುದಿಲ್ಲ. ವಿಮಾನಕ್ಕೆ ಬೇಕಾದದ್ದು ತೂಕದ ಲೆಕ್ಕವೇ. ಬಿಸಿಲಿಗೆ ಎಣ್ಣೆ ಹಿಗ್ಗಿ ಲೀಟರ್ ಹೆಚ್ಚಾದೀತು, ಅದರೊಳಗಿನ ಶಕ್ತಿ ಹೆಚ್ಚಾಗದು. ಕೆನಡಾ ಕೂಡ ಆ ವರ್ಷಗಳಲ್ಲಿ ಪೌಂಡಿನಿಂದ ಕಿಲೊಗೆ ಬದಲಾಗುತ್ತಿತ್ತು. ಆ ಸಂಸ್ಥೆಯ ವಿಮಾನಗಳಲ್ಲಿ ಕಿಲೊ ಲೆಕ್ಕದ ಮೊದಲನೆಯದು ಈ 767.

ಒಂದು ಲೀಟರ್ ಇಂಧನ ಸುಮಾರು 0.8 ಕಿಲೊ ತೂಗುತ್ತದೆ, ಪೌಂಡಿನಲ್ಲಾದರೆ 1.77. ಕಾಗದದ ಮೇಲೆ ಬಂದದ್ದು 1.77. ಗುಣಿಸಿದಾಗ ದೊರೆತ 13,597ನ್ನು ಕಿಲೊ ಎಂದೇ ಓದಿದರು. ಹಾಗಾಗಿ ತುಂಬಿಸಿದ್ದು ಸುಮಾರು 4,900 ಲೀಟರ್. ತುಂಬಿಸಬೇಕಾದದ್ದು 20,000 ಲೀಟರಿಗೂ ಮೇಲೆ! ಒಟ್ಟಾವಾದಲ್ಲಿ ಮತ್ತೆ ಕಡ್ಡಿ ಇಳಿಸಿದರು, ಮತ್ತೆ 1.77ರಿಂದಲೇ ಗುಣಿಸಿದರು. ತಾಳೆ ನೋಡುವುದೆಂದರೆ ಅದೇ ತಪ್ಪನ್ನು ಎರಡನೆಯ ಸಲ ಮಾಡುವುದಲ್ಲ ಎಂದು ಗಣಿತದ ಮೇಷ್ಟರಾಗಿದ್ದರೆ ಗದರುತ್ತಿದ್ದರು. ಹಳೆಯ ವಿಮಾನಗಳಲ್ಲಿ ಈ ಲೆಕ್ಕಕ್ಕೆಂದೇ ಮೂರನೆಯವನೊಬ್ಬ ಎಂಜಿನಿಯರ್ ಇರುತ್ತಿದ್ದ. ಹೊಸದರಲ್ಲಿ ಅವನ ಕುರ್ಚಿ ಇರಲಿಲ್ಲ. ಅವನ ಕೆಲಸ ಯಾರದೆಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

41,000 ಅಡಿ ಎತ್ತರದಲ್ಲಿ ಮೊದಲು ಎಚ್ಚರಿಕೆಯ ಸದ್ದು, ಆಮೇಲೆ ಎಡ ಎಂಜಿನ್, ಬಳಿಕ ಬಲ ಎಂಜಿನ್ ನಿಂತವು. ಪರದೆಗಳು ಕಪ್ಪಾದವು. ಗಾಳಿಯ ರಭಸಕ್ಕೆ ತಿರುಗುವ ಪುಟ್ಟ ಪಂಖವೊಂದು ಹೊರಗಿಳಿದು, ವಿಮಾನ ಹೊರಳಿಸುವಷ್ಟು ಬಲ ಕೊಟ್ಟಿತು. ವಿನ್ನಿಪೆಗ್ ದೂರವಾಯಿತು. ಸಹ ಪೈಲಟ್ ಮಾರಿಸ್ ಕ್ವಿಂಟಾಲ್ ಹಿಂದೆ ವಾಯುಪಡೆಯಲ್ಲಿದ್ದಾಗ ಕಂಡಿದ್ದ ಗಿಮ್ಲಿ ಎಂಬ ನೆಲೆ ನೆನಪಾಯಿತು. ಆ ನೆಲೆ ಮುಚ್ಚಿ, ಓಡುದಾರಿ ಕಾರುಪಂದ್ಯದ ಬಯಲಾಗಿತ್ತೆಂಬುದು ಅವರಿಗೆ ತಿಳಿಯದು. ಅಂದು ಅಲ್ಲಿ ಹೆಂಡತಿ ಮಕ್ಕಳೊಂದಿಗೆ ಬಂದವರ ಜಾತ್ರೆಯೇ ನೆರೆದಿತ್ತು. ಪಿಯರ್ಸನ್‌ಗೆ ಎಂಜಿನ್ನಿಲ್ಲದ ಗ್ಲೈಡರ್ ಹಾರಿಸುವ ಹವ್ಯಾಸ. ಎತ್ತರ ಹೆಚ್ಚಾಯಿತೆನಿಸಿದಾಗ ಆ ದೈತ್ಯ ವಿಮಾನವನ್ನು ಗ್ಲೈಡರಿನಂತೆ ಓರೆಯಾಗಿ ಜಾರಿಸಿ ಇಳಿಸಿದರು. ಮೂಗಿನ ಗಾಲಿ ಮಡಚಿತು, ಕಿಡಿ ಹಾರಿತು. ಓಡುದಾರಿಯ ಮೇಲೆ ಸೈಕಲ್ ತುಳಿಯುತ್ತಿದ್ದ ಹುಡುಗರು ಬದುಕಿದರು. ಹತ್ತು ಜನರಿಗೆ ಚಿಕ್ಕಪುಟ್ಟ ಗಾಯ, ಅಷ್ಟೆ. ಸಂಸ್ಥೆ ಇಬ್ಬರು ಪೈಲಟ್‌ಗಳಿಗೂ ಮೊದಲು ಶಿಕ್ಷೆ ಕೊಟ್ಟಿತು. 1985ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಗೌರವ ಬಂತು. ವಿಮಾನವೂ ದುರಸ್ತಿಯಾಗಿ 2008ರವರೆಗೆ ಹಾರಿತು.

ಖಾಲಿ ಮಾಪಕ ಒಂದು ರೀತಿಯಲ್ಲಿ ಪ್ರಾಮಾಣಿಕವಾದುದು. ತನಗೆ ಗೊತ್ತಿಲ್ಲವೆಂದಾದರೂ ಹೇಳುತ್ತದೆ. ಧೈರ್ಯವಾಗಿ ಸುಳ್ಳು ಹೇಳುವ ಮಾಪಕದ ಕಥೆ 2005ರದು. ಹುಬ್ಬಳ್ಳಿಗೂ ಬಂದುಹೋಗುವ ಎಟಿಆರ್ 72 ಜಾತಿಯ ವಿಮಾನ, ಟುನಿಂಟರ್ ಎಂಬ ಟ್ಯುನಿಷಿಯಾದ ಸಂಸ್ಥೆಯದು. ಅದರ ಕೆಟ್ಟ ಮಾಪಕ ತೆಗೆದು ಬೇರೊಂದು ಹಾಕಿದ್ದರು. ಹೊಸದು ಚಿಕ್ಕ ತಮ್ಮ ಎಟಿಆರ್ 42ರದು. ಟ್ಯಾಂಕಿನ ಆಕಾರ ಬೇರೆ, ಲೆಕ್ಕವೂ ಬೇರೆ. ಮರುದಿನ, ಆಗಸ್ಟ್ 6ರಂದು, ಇಟಲಿಯ ಬಾರಿಯಿಂದ ಹೊರಟ ವಿಮಾನದ ಎರಡೂ ಎಂಜಿನ್ ಸಮುದ್ರದ ಮೇಲೆ ನಿಂತಾಗ ಮಾಪಕ ಇನ್ನೂ 1,800 ಕಿಲೊ ಇಂಧನ ತೋರಿಸುತ್ತಿತ್ತು. ಸಿಸಿಲಿಯ ಬಳಿ ನೀರಿಗಿಳಿದ ಅದರಲ್ಲಿದ್ದ 39 ಜನರಲ್ಲಿ 16 ಮಂದಿ ತೀರಿಕೊಂಡರು. ಆ ಎರಡು ಮಾಪಕಗಳೂ ನೋಡಲು ಒಂದೇ ತೆರ. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತಿತ್ತು.