ಮೂಗಿನ ಪೈಪೋ, ಗ್ಲೂಕೋಸ್ ಬಾಟ್ಲಿಯೋ

ಈ ವಾರ ಟೊಮೊಟೊ ಬಗ್ಗೆ ಬರೆಯಲ್ಲ. ಮಾವಿನ ಸೀಸನ್ ನಡುವೆ ನಮ್ಮ ಮನೆಗೆ ಬಂದ ಒಂದು ಕಾಯಿಲೆ ಬಗ್ಗೆ ಬರೀತೀನಿ. ಆಸ್ಪತ್ರೆಯಲ್ಲಿ ನಮ್ಮವರು ಹಿಡಿದ ಹಠವನ್ನ ನಾಳೆ ನಿಮ್ಮನೆಯವರೂ ಹಿಡೀಬಹುದು.

ನನ್ನ ಭಾವಮೈದ ಶ್ರೀನಿವಾಸಪುರ ಕಡೆಯವನು, ಕುಡಿಯೋನಲ್ಲ. ಒಂದು ರಾತ್ರಿ ಹೊಟ್ಟೆ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿಗೆ ಹೊಡೀತು, ವಾಂತಿ ನಿಲ್ಲಲಿಲ್ಲ. ಊರಲ್ಲೆಲ್ಲ ಗ್ಯಾಸ್ ಅಂದ್ರು. ಆಸ್ಪತ್ರೆಯಲ್ಲಿ ರಕ್ತದಲ್ಲಿ ಲೈಪೇಸ್ ನೋಡಿ, ಸ್ಕ್ಯಾನ್ ಮಾಡಿ, ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಅಂದ್ರು. ಅಂದ್ರೆ ಮೇದೋಜೀರಕ ಗ್ರಂಥಿಯ ಊತ. ಊಟ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸೋಕೆ ಶುರು ಮಾಡುತ್ತೆ. ಪಿತ್ತಕೋಶದ ಕಲ್ಲು, ಮದ್ಯ, ಇವೆರಡೇ ದೊಡ್ಡ ಕಾರಣ. ಇವನದು ಕಲ್ಲು.

ಹತ್ತರಲ್ಲಿ ಎಂಟು ಜನಕ್ಕೆ ಇದು ಹಗುರವಾಗಿ ಹೋಗುತ್ತೆ. ಸಲೈನ್, ನೋವಿಗೆ ಔಷಧಿ, ಹಸಿವಾದ ಕೂಡ್ಲೇ ಎಣ್ಣೆ ಇಲ್ಲದ ಮೆತ್ತಗಿನ ಊಟ. ನಮ್ಮವನು ಉಳಿದ ಇಬ್ಬರ ಗುಂಪಿಗೆ ಬಿದ್ದ. ನಾಲ್ಕನೇ ದಿನವೂ ಗುಟುಕು ಗಂಜಿ ಇಳೀಲಿಲ್ಲ. ಮೂಗಿಂದ ಟ್ಯೂಬ್ ಹಾಕಿ ಊಟ ಕೊಡ್ತೀವಿ ಅಂದ್ರು ಡಾಕ್ಟ್ರು.

ನಮ್ಮತ್ತೆ ಅಳೋಕೆ ಶುರು ಮಾಡಿದ್ರು. "ಮೂಗಿಗೆ ಪೈಪ್ ಹಾಕಿದ್ಮೇಲೆ ಯಾರಪ್ಪಾ ಎದ್ದು ಬಂದವ್ರೆ? ಇನ್ನೆರಡು ಬಾಟ್ಲಿ ಹಾಕ್ಸಿ." ದೊಡ್ಡಮಾವ, "ನರದಲ್ಲೇ ಪೂರ್ತಿ ಊಟ ಕೊಡೋ ಬ್ಯಾಗ್ ಬರುತ್ತಂತೆ, ತೋಟ ಭೋಗ್ಯಕ್ಕೆ ಹಾಕಿಯಾದ್ರೂ ತರ್ಸೋಣ" ಅಂದ್ರು. ಸಹಿ ಮಾಡಬೇಕಾದ ಅವನ ಹೆಂಡತಿ ನನ್ನ ಕಡೆ ತಿರುಗಿ, "ಅಣ್ಣಾ, ಏನ್ ಮಾಡ್ಲಿ?" ಅಂದ್ಲು. ನಾನು ಡಾಕ್ಟ್ರ ಹತ್ರ ಕೂತು ಕೇಳಿದೆ, ಆಮೇಲೆ ಓದಿದೆ. ತಿಳಿದದ್ದು ಇಷ್ಟು.

ಮೊದಲು ಬಾಟ್ಲಿ. 500 ಎಂಎಲ್‌ನ 5% ಗ್ಲೂಕೋಸ್‌ನಲ್ಲಿ ಇರೋದು 25 ಗ್ರಾಂ ಸಕ್ಕರೆ, 100 ಕ್ಯಾಲರಿಯೂ ಇಲ್ಲ. ಅದೇ 100 ಗ್ರಾಂ ರಾಗಿ ಹಿಟ್ಟಲ್ಲಿ 300ಕ್ಕಿಂತ ಹೆಚ್ಚು. ಬಾಟ್ಲಿ ನೀರಿನಂಶಕ್ಕೆ ಬೇಕೇ ಬೇಕು, ಮೊದಲ ದಿನ ಪ್ರಾಣ ಉಳಿಸೋದೇ ಅದು. ಆದ್ರೆ ಅದು ಊಟ ಅಲ್ಲ.

ಪೂರ್ತಿ ಊಟದ ಬ್ಯಾಗ್ ಅಂದ್ರೆ ಟಿಪಿಎನ್. ಪ್ರೋಟೀನು, ಕೊಬ್ಬು, ಸಕ್ಕರೆ ಎಲ್ಲ ಸೇರಿಸಿ ದೊಡ್ಡ ನರಕ್ಕೆ ಬಿಡ್ತಾರೆ. ಹಿಂದೆ ಡಾಕ್ಟ್ರುಗಳೂ ಇದೇ ಸರಿ ಅಂತಿದ್ರು: ಹೊಟ್ಟೆಗೆ ಏನೂ ಹಾಕ್ಬೇಡಿ, ಗ್ರಂಥಿಗೆ ರೆಸ್ಟ್ ಕೊಡಿ ಅಂತ. ಆಮೇಲೆ ಲೆಕ್ಕ ತಿರುಗಿತು. ಕರುಳು ಖಾಲಿ ಬಿದ್ರೆ ಅದರ ಒಳಪದರ ಸೊರಗಿ, ಅಲ್ಲಿನ ಬ್ಯಾಕ್ಟೀರಿಯಾ ಆಚೆ ಸೋರಿ, ಕೊಳೀತಿರೋ ಗ್ರಂಥಿಗೆ ಸೋಂಕು ತಗುಲಿಸಬಹುದು. ನರದ ಲೈನಿಂದಲೂ ಸೋಂಕು ಬರುತ್ತೆ, ಶುಗರ್ ಏರುತ್ತೆ. 2010ರಲ್ಲಿ ಕೊಕ್ರೇನ್ ಸಂಸ್ಥೆ 8 ಪ್ರಯೋಗಗಳ 348 ರೋಗಿಗಳ ಲೆಕ್ಕ ಒಟ್ಟು ಹಾಕಿತು. ಟ್ಯೂಬ್ ಊಟದವರಲ್ಲಿ ಸಾವಿನ ಸಂಭವ ಸುಮಾರು ಅರ್ಧ, ಸೋಂಕು, ಆಪರೇಷನ್ನೂ ಕಡಿಮೆ.

ಇದು ನಮಗೆ ಹೊಸದೇನಲ್ಲ. ಹಸು ನಾಲ್ಕು ದಿನ ಮೇವು ಬಿಟ್ರೆ ಹೊಟ್ಟೆಯೊಳಗಿನ ಜೀವಾಣುಗಳು ಸಾಯ್ತವೆ. ಎಷ್ಟು ಬಾಟ್ಲಿ ಏರಿಸಿದ್ರೂ ಮೆಲುಕು ಹಾಕೋವರೆಗೂ ಹಸು ಸರಿ ಹೋಯ್ತು ಅನ್ನಲ್ಲ. ಕೆಲವು ಸಲ ಡಾಕ್ಟ್ರು ಆರೋಗ್ಯವಾಗಿರೋ ಹಸುವಿನ ಹೊಟ್ಟೆ ರಸ ತಂದು ಕುಡಿಸೋದು ಅದಕ್ಕೇ.

ಟ್ಯೂಬ್ ಸಣ್ಣ ಕರುಳಿನವರೆಗೂ ಹೋಗ್ಬೇಕಾ? 2006ರಲ್ಲಿ ದೆಹಲಿ ಏಮ್ಸ್‌ನವರು 31 ರೋಗಿಗಳಲ್ಲಿ ನೋಡಿದ್ರು. ಹೊಟ್ಟೆವರೆಗಿನ ಸಾದಾ ಟ್ಯೂಬೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ನಡೀತು. ಹಾಗಂತ ಮೊದಲ ದಿನವೇ ಎಲ್ಲರಿಗೂ ಹಾಕ್ಬೇಕಿಲ್ಲ. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ 208 ರೋಗಿಗಳ ಪ್ರಯೋಗ ಆಯ್ತು. 24 ಗಂಟೆಯೊಳಗೆ ಟ್ಯೂಬ್ ಹಾಕಿದವರಿಗೂ, ಮೂರು ದಿನ ಕಾದು ಬಾಯಲ್ಲಿ ಊಟ ಕೊಟ್ಟು ನೋಡಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ಮೂರನೇ ಎರಡು ಭಾಗಕ್ಕೆ ಟ್ಯೂಬೇ ಬೇಕಾಗ್ಲಿಲ್ಲ.

ಇಷ್ಟು ಹೇಳಿದ್ಮೇಲೆ ಆಕೆ ಸಹಿ ಹಾಕಿದ್ಲು. ಮೊದಲ ರಾತ್ರಿ ಹೊಟ್ಟೆ ಉಬ್ಬಿತು. ನರ್ಸಮ್ಮ ವೇಗ ಕಮ್ಮಿ ಮಾಡಿದ್ರು, ನಮ್ಮ ಡ್ರಿಪ್ ವಾಲ್ವ್ ತಿರುಗಿಸಿದಂಗೆ. ಎರಡನೇ ವಾರ ಬಾಯಲ್ಲಿ ಗಂಜಿ ಇಳೀತು, ಟ್ಯೂಬ್ ತೆಗೆದ್ರು. ಆಮೇಲೆ ಪಿತ್ತಕೋಶವನ್ನೂ ತೆಗೆಸಿದ್ವಿ, ಇಲ್ದಿದ್ರೆ ಕಲ್ಲು ಮತ್ತೆ ಜಾರುತ್ತೆ. ಸಾಲ ಆಗಿದೆ, ತೋಟ ಉಳಿದಿದೆ.

ಕೆಲವರಿಗೆ ಟಿಪಿಎನ್ ಬೇಕಾಗುತ್ತೆ. ಕರುಳು ಕಟ್ಟಿದ್ರೆ, ಟ್ಯೂಬ್ ಊಟ ಏನು ಮಾಡಿದ್ರೂ ಒಗ್ಗದಿದ್ರೆ ಅದೇ ದಾರಿ. ಅದನ್ನ ಡಾಕ್ಟ್ರು ಹೇಳ್ಬೇಕು, ನಮ್ಮ ಮರ್ಯಾದೆಯಾಗ್ಲಿ ಭಯವಾಗ್ಲಿ ಅಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿದ್ರೂ ಸರಿ, ಮೇಲುಹೊಟ್ಟೆ ನೋವು ಬೆನ್ನಿಗೆ ಹೊಡೆದು ವಾಂತಿ ಬಂದ್ರೆ ಸೋಡಾ ಕುಡಿದು ಬೆಳಗಿನವರೆಗೆ ಕಾಯ್ಬೇಡಿ. ಅಡ್ಮಿಟ್ ಆದ್ರೆ ಮೂರು ಮಾತು ಕೇಳಿ: ಬಾಯಲ್ಲಿ ಊಟ ಯಾವಾಗ ಶುರು? ಆಗದಿದ್ರೆ ಟ್ಯೂಬ್ ಯಾವಾಗ? ನರದ ಊಟ ಅಂದ್ರೆ, ಯಾಕೆ? ನಿಮ್ಮಲ್ಲಿ ಯಾರಿಗಾದ್ರೂ ಈ ಅನುಭವ ಆಗಿದ್ರೆ ಬರೀರಿ, ಇನ್ನೊಬ್ಬರಿಗೆ ಧೈರ್ಯ ಬರುತ್ತೆ.