ಬಾಣ ಬಿದ್ದ ನೆಲ

ಹೊಸಕೋಟೆಯಿಂದ ಮಾಲೂರಿನ ಕಡೆಗೆ ಹೊರಟ ಪ್ರವಾಸಿಗೆ ನಡುವೆ ಸಿಗುವ ಹೋಬಳಿಯ ಊರು ಜಡಿಗೇನಹಳ್ಳಿ. ಕೆಂಪು ಮಣ್ಣು, ರಾಗಿಯ ಹೊಲ, ನೀಲಗಿರಿಯ ತೋಪು, ತರಕಾರಿಯ ಮಡಿ; ಬೆಂಗಳೂರಿನ ನೀಳ ಕೈ ಈಗ ಇತ್ತಲೂ ಚಾಚಿದೆ. ಗುಡಿಗೋಪುರಗಳ ವೈಭವವನ್ನು ಅರಸುವವರು ಇಲ್ಲಿ ಇಳಿಯಲಾರರು. ಆದರೆ ಈ ಸೀಮೆಯ ಬಯಲು ದಂಡುಗಳ ತುಳಿತವನ್ನು ಬಲ್ಲದು. 1768ರಲ್ಲಿ ಹೊಸಕೋಟೆಯ ಬಳಿ ಬೀಡುಬಿಟ್ಟಿದ್ದ ಮುರಾರಿರಾಯನ ಪಾಳೆಯದ ಮೇಲೆ ಹೈದರಾಲಿಯು ಇರುಳಿನಲ್ಲಿ ಎರಗಿದನು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳನ್ನು ಹಿಡಿದುಕೊಂಡೇ ಬೆಂಗಳೂರಿಗೆ ನಡೆಯಿತು.

ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯದಲ್ಲಿ ಇಂಗ್ಲಿಷರನ್ನು ಬಹುವಾಗಿ ಕಾಡಿದ ಆಯುಧವೆಂದರೆ ಬಾಣ. ಹಬ್ಬದ ಬಾಣಬಿರುಸಿನ ಅಣ್ಣ. ಕಬ್ಬಿಣದ ಕೊಳವೆಗೆ ಮದ್ದು ಗಿಡಿದು, ಉದ್ದನೆಯ ಬಿದಿರಿಗೆ ಬಿಗಿದು ಹಾರಿಸುತ್ತಿದ್ದರು. ಒಂಟಿ ಬಾಣಕ್ಕೆ ಗುರಿಯೆಂಬುದು ಹೆಸರಿಗೆ ಮಾತ್ರ. ಆದುದರಿಂದಲೇ ಅವನ್ನು ಸಾಲುಸಾಲಾಗಿ ಒಮ್ಮೆಗೇ ಬಿಡುತ್ತಿದ್ದರು. ಒಬ್ಬ ಸಿಪಾಯಿಯನ್ನಲ್ಲ, ಬಯಲನ್ನೇ ಹೊಡೆಯುವ ಉಪಾಯವದು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿಗೆ ಹೋದವು; ವಿಲಿಯಂ ಕಾಂಗ್ರೀವನು ಅವುಗಳ ಜಾಡು ಹಿಡಿದು ತನ್ನ ರಾಕೆಟ್ಟನ್ನು ಮಾಡಿದನು. 1807ರಲ್ಲಿ ಅದರ ಉರಿಗೆ ಸಿಕ್ಕಿದ್ದು ಕೋಪನ್‌ಹೇಗನ್ ನಗರ. ಸಿಪಾಯಿಗಳ ಬಯಲಿನಿಂದ ಸಂಸಾರಿಗಳ ಬೀದಿಗೆ ಎಷ್ಟು ಬೇಗ ಬಂದಿತು!

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರ ಕೆಸರನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಹೊರಬಿದ್ದವು. ಇನ್ನೂರು ವರುಷ ಕಳೆದಿದ್ದರೂ ಮಣ್ಣಿಗೆ ಮದ್ದಿನ ವಾಸನೆಯಿತ್ತಂತೆ. ಅವು ಈಗ ಶಿವಮೊಗ್ಗದ ವಸ್ತುಸಂಗ್ರಹಾಲಯದ ಸೊತ್ತು.

ಬಯಲನ್ನೇ ಹೊಡೆಯುವ ಆ ಉಪಾಯವು ನಮ್ಮ ಕಾಲದ ಗೊಂಚಲು ಬಾಂಬಿನಲ್ಲಿ ಮತ್ತೆ ತಲೆಯೆತ್ತಿದೆ. ಒಂದು ದೊಡ್ಡ ಬಾಂಬು ನಡು ಆಕಾಶದಲ್ಲಿ ಬಾಯ್ತೆರೆದು, ಹತ್ತಾರು, ಕೆಲವೊಮ್ಮೆ ನೂರಾರು ಮರಿಬಾಂಬುಗಳನ್ನು ಬೀಜದಂತೆ ಬಿತ್ತುತ್ತದೆ. ಅವುಗಳಲ್ಲಿ ಎಷ್ಟೋ ಸಿಡಿಯದೆ ಮಣ್ಣು ಸೇರುತ್ತವೆ. ಸಂಧಿಯಾದದ್ದು ಅವಕ್ಕೆ ತಿಳಿಯುವುದಿಲ್ಲ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸಿನ ಮೇಲೆ ಸುಮಾರು 27 ಕೋಟಿ ಮರಿಬಾಂಬುಗಳನ್ನು ಸುರಿದವೆಂದೂ, ಅದರಲ್ಲಿ 8 ಕೋಟಿಯಷ್ಟು ಸಿಡಿಯದೆ ಉಳಿದವೆಂದೂ ಅಂದಾಜು. ಜಡಿಗೇನಹಳ್ಳಿಯ ಒಕ್ಕಲಿಗನ ಗುದ್ದಲಿಗೆ ಏನಾದರೂ ಟಣ್ಣೆಂದರೆ ಕಲ್ಲನ್ನು ಬೈದು ಬದಿಗೆ ಎಸೆಯುತ್ತಾನೆ. ಲಾವೋಸಿನ ಒಕ್ಕಲಿಗನಿಗೆ ಆ ಸದ್ದು ಕೇಳಿಸಿದರೆ ಉಸಿರು ನಿಲ್ಲುತ್ತದೆ. ಚೆಂಡಿನ ಗಾತ್ರದ ಈ ಗುಂಡುಗಳನ್ನು ಆಟಕ್ಕೆಂದು ಎತ್ತಿಕೊಂಡು ಸತ್ತ ಮಕ್ಕಳು ಎಷ್ಟೋ ಮಂದಿ; ಯುದ್ಧ ಮುಗಿದಾಗ ಅವರಿನ್ನೂ ಹುಟ್ಟಿಯೇ ಇರಲಿಲ್ಲ.

ಇದನ್ನು ನಿಷೇಧಿಸುವ ಒಪ್ಪಂದವು 2008ರಲ್ಲಿ ಡಬ್ಲಿನ್ ನಗರದಲ್ಲಿ ಸಿದ್ಧವಾಯಿತು. 2010ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ನೂರಕ್ಕೂ ಮೇಲ್ಪಟ್ಟು ದೇಶಗಳು ಅದನ್ನು ಒಪ್ಪಿವೆ. 2022ರಲ್ಲಿ ಯುದ್ಧಕ್ಕಿಳಿದ ರಷ್ಯವೂ ಯುಕ್ರೇನೂ ಸಹಿ ಮಾಡಿದವುಗಳಲ್ಲ. ಯುಕ್ರೇನಿನ ಗೋಧಿಯ ಹೊಲಗಳ ಮೇಲೆ ಎರಡು ಕಡೆಯವರೂ ಇದನ್ನು ಬಳಸಿದರು. ಅಮೆರಿಕ, ಚೀನಾ, ಪಾಕಿಸ್ತಾನಗಳೂ ಹೊರಗೇ ನಿಂತಿವೆ. ಭಾರತವೂ ಸಹಿ ಮಾಡಿಲ್ಲ.